ಬಡ್ಡಿಗೆ ಚಳಿಗಾಲದ ರಜೆ ಇಲ್ಲ

ಅಮೆರಿಕದ ಮಿನೆಸೊಟಾ ರಾಜ್ಯದಲ್ಲಿ ಸ್ಕೀ ಬೋಟ್ (ನೀರಿನ ಮೇಲೆ ಸ್ಕೀ ಮಾಡುವವರನ್ನು ಹಗ್ಗದಿಂದ ಎಳೆಯುವ ಮೋಟಾರ್ ಬೋಟ್) ಮಾರುವವರಿಗೆ ವರ್ಷಕ್ಕೆ ಸಿಗುವುದು ಹೆಚ್ಚೆಂದರೆ ನೂರು ಒಳ್ಳೆಯ ದಿನ. ಕೆರೆಗಳ ಮೇಲಿನ ಮಂಜುಗಡ್ಡೆ ಕರಗುವ ಹೊತ್ತಿಗೆ ಏಪ್ರಿಲ್ ಅರ್ಧ ಮುಗಿದಿರುತ್ತದೆ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆಗೆ ಜನ ನೀರಿಗಿಳಿಯುತ್ತಾರೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಮುಗಿಯಿತೆಂದರೆ ಮಕ್ಕಳು ಶಾಲೆಗೆ, ಬೋಟು ಶೆಡ್ಡಿಗೆ. ಡೀಲರ್ ಕಟ್ಟಬೇಕಾದ ಬಾಡಿಗೆ, ಸಂಬಳ, ವಿಮೆ ಮಾತ್ರ 365 ದಿನವೂ ಇರುತ್ತವೆ. ಎಲ್ಲಕ್ಕಿಂತ ಭಾರವಾದದ್ದು ಸ್ಟಾಕಿನ ಮೇಲಿನ ಬಡ್ಡಿ. ಇಂಥ ಡೀಲರ್‌ಶಿಪ್‌ಗಳು ಮುಳುಗುವುದು ಬೋಟು ಚೆನ್ನಾಗಿಲ್ಲ ಅಂತಲೋ, ಗಿರಾಕಿಗಳೇ ಇಲ್ಲ ಅಂತಲೋ ಅಪರೂಪ. ತಪ್ಪಾದ ತಿಂಗಳಲ್ಲಿ ತಪ್ಪಾದಷ್ಟು ಬೋಟು ಅಂಗಳದಲ್ಲಿ ನಿಂತಿದ್ದಕ್ಕೇ ಹೆಚ್ಚಿನವು ಮುಳುಗುತ್ತವೆ.

ನೀರಿನ ಮೇಲೆ ಸ್ಕೀ ಮಾಡುವ ಆಟ ಶುರುವಾದದ್ದೂ ಇದೇ ರಾಜ್ಯದಲ್ಲಿ. 1922ರ ಬೇಸಿಗೆಯಲ್ಲಿ 18 ವರ್ಷದ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ ಲೇಕ್ ಪೆಪಿನ್‌ನಲ್ಲಿ ಎರಡು ಮರದ ಹಲಗೆ ಕಟ್ಟಿಕೊಂಡು ಬೋಟಿನ ಹಿಂದೆ ಎದ್ದು ನಿಂತ. ಆಗ ಎಳೆಯಲು ಎಂಥ ಬೋಟಾದರೂ ನಡೆಯುತ್ತಿತ್ತು. ಇವತ್ತಿನ ಸ್ಕೀ ಬೋಟ್ ಬೇರೆಯೇ ಜಾತಿ. ಸ್ಲಾಲಮ್ ಅನ್ನುವುದು ಎಡಬಲಕ್ಕೆ ತಿರುಗುತ್ತಾ ಸಾಗುವ ಸ್ಕೀ ಸ್ಪರ್ಧೆ. ಅದರ ಕೋರ್ಸ್ ಅಂದರೆ 259 ಮೀಟರ್ ಉದ್ದದ ಓಟ, ನಡುಗೆರೆಯಿಂದ 11.5 ಮೀಟರ್ ಆಚೆ, ಎಡಬಲಕ್ಕೆ ಸ್ಕೀಯರ್ ಸುತ್ತಬೇಕಾದ ಒಟ್ಟು ಆರು ತೇಲುವ ಗುರುತು-ಚೆಂಡುಗಳು, ಅಂದರೆ ಬಾಯ್‌ಗಳು. ಪುರುಷರ ಗರಿಷ್ಠ ವೇಗ ಗಂಟೆಗೆ 58 ಕಿ.ಮೀ., ಅಂದರೆ ಇಡೀ ಕೋರ್ಸ್ ಮುಗಿಯಲು ಸುಮಾರು 16 ಸೆಕೆಂಡು. ಹಗ್ಗ 18.25 ಮೀಟರ್‌ನಿಂದ ಶುರುವಾಗಿ ಹಂತ ಹಂತವಾಗಿ ಗಿಡ್ಡವಾಗುತ್ತಾ ಹೋಗುತ್ತದೆ. 11.25 ಮೀಟರಿಗೆ ಬಂದಾಗ ಹಗ್ಗಕ್ಕೆ ಬಾಯ್‌ವರೆಗಿನ ದೂರವೂ ಇರುವುದಿಲ್ಲ. ಉಳಿದದ್ದನ್ನು ಸ್ಕೀಯರ್ ಮೈಚಾಚಿಯೇ ತುಂಬಬೇಕು. ಅವನು ಅಷ್ಟು ಜೋರಾಗಿ ಪಕ್ಕಕ್ಕೆ ಎಳೆಯುತ್ತಿದ್ದರೂ ಬೋಟು ಗೆರೆ ಬಿಡಬಾರದು, ವೇಗ ಬೀಳಬಾರದು, ಹಿಂದೆ ಏಳುವ ಅಲೆ ಚಿಕ್ಕದಾಗಿ ಮೆತ್ತಗಿರಬೇಕು. ಅದಕ್ಕೇ ಎಂಜಿನ್ ಬೋಟಿನ ನಡುವೆ, ಅಲ್ಲಿಂದ ಪ್ರೊಪೆಲ್ಲರಿಗೆ ನೇರ ಶಾಫ್ಟ್, ತಳದಲ್ಲಿ ಬೋಟು ಗೆರೆ ತಪ್ಪದಂತೆ ಹಿಡಿಯುವ ಫಿನ್‌ಗಳು, ಜಿಪಿಎಸ್ ನೋಡಿಕೊಂಡು ಥ್ರಾಟಲ್ ತಿದ್ದುವ ಜೀರೋ ಆಫ್ ವ್ಯವಸ್ಥೆ. ಟೂರ್ನಮೆಂಟ್ ದರ್ಜೆಯ ಇಂಥ ಬೋಟಿಗೆ ಹೆಸರಾದ ಕಂಪನಿಗಳು ಮೂರು: 1925ರ ಕರೆಕ್ಟ್ ಕ್ರಾಫ್ಟ್‌ನ ನಾಟೀಕ್, 1968ರ ಮಾಸ್ಟರ್‌ಕ್ರಾಫ್ಟ್, 1982ರ ಮಾಲಿಬು.

ಈಗ ದುಡ್ಡಿನ ವಿಷಯ. ಶೋರೂಮಿನಲ್ಲಿ ಮಿರಮಿರ ಮಿಂಚುತ್ತಾ ನಿಂತ ಬೋಟು ಡೀಲರ್‌ದಲ್ಲ, ಸಾಲ ಕೊಟ್ಟವರದ್ದು. ಕಾರ್ಖಾನೆಯಿಂದ ಲಾರಿ ಹೊರಟ ದಿನವೇ ಫೈನಾನ್ಸ್ ಕಂಪನಿ ತಯಾರಕರಿಗೆ ಪೂರ್ತಿ ಹಣ ಕೊಟ್ಟುಬಿಡುತ್ತದೆ. ಅಷ್ಟೂ ಡೀಲರ್ ಹೆಸರಿನಲ್ಲಿ ಸಾಲ. ಇದಕ್ಕೆ ಫ್ಲೋರ್ ಪ್ಲ್ಯಾನ್ ಅನ್ನುತ್ತಾರೆ. ಬೋಟು ಮಾರಿದ ಕೆಲವೇ ದಿನಗಳಲ್ಲಿ ಆ ಬೋಟಿನ ಅಸಲು ತೀರಿಸಬೇಕು. ಮೊದಲ ಕೆಲವು ತಿಂಗಳ ಬಡ್ಡಿಯನ್ನು ತಯಾರಕರೇ ಹೊರುವುದುಂಟು. ಡೀಲರ್‌ಗಳು ಎಡವುವುದು ಅಲ್ಲೇ. ಬಡ್ಡಿ ಇಲ್ಲ ಅಂದ ಕೂಡಲೇ ಅಕ್ಟೋಬರ್‌ನಲ್ಲಿ ಕೈ ಧಾರಾಳವಾಗುತ್ತದೆ, ಆ ಗಡುವು ಮುಗಿಯುವುದು ವಸಂತದಲ್ಲಿ, ಮಾರಾಟ ಇನ್ನೂ ಕುದುರದ ಹೊತ್ತಿನಲ್ಲಿ.

ಒಂದು ಬೋಟಿನ ಲೆಕ್ಕ ಹಾಕೋಣ. ಡೀಲರ್‌ಗೆ ಬಿದ್ದ ಬೆಲೆ 1,50,000 ಡಾಲರ್, ಬಡ್ಡಿ ಶೇ 9 ಅಂತಿಟ್ಟುಕೊಳ್ಳಿ. ತಿಂಗಳಿಗೆ 1,125 ಡಾಲರ್. ಬಡ್ಡಿಯನ್ನು ತಾನೇ ಕಟ್ಟುತ್ತಾ ಅದನ್ನು ಎಂಟು ತಿಂಗಳು ಇಟ್ಟುಕೊಂಡರೆ 9,000. ಅಸಲಿನ ಮೇಲೆ ಶೇ 15 ಲಾಭ ಇಟ್ಟಿದ್ದರೆ 22,500 ಡಾಲರ್. ಬಡ್ಡಿ ಕಳೆದು 13,500. ಜುಲೈ ಹತ್ತಿರ ಬರುತ್ತಿದ್ದಂತೆ ಗಿರಾಕಿ ಇನ್ನೊಂದು 7,500 ಇಳಿಸಿ ಅನ್ನುತ್ತಾನೆ, ಇಳಿಸದೆ ವಿಧಿಯಿಲ್ಲ. ಉಳಿದ 6,000ದಲ್ಲಿ ಮಾರಾಟಗಾರನ ಕಮಿಷನ್, ಬೋಟ್ ಶೋ ಖರ್ಚು, ಬೋಟನ್ನು ನೀರಿಗಿಳಿಸಿ ತಯಾರು ಮಾಡಿದ ಮೆಕ್ಯಾನಿಕ್‌ನ ಅರ್ಧ ದಿನದ ಕೂಲಿ, ಡೆಮೊ ಓಡಿಸಿದ ಪೆಟ್ರೋಲು. ಇಂಥ 20 ಬೋಟು ನಿಂತಿದ್ದರೆ ತಿಂಗಳ ಬಡ್ಡಿಯೇ 22,500 ಡಾಲರ್. ಅಂದರೆ ಪ್ರತಿ ತಿಂಗಳೂ ಒಂದು ಬೋಟಿನ ಇಡೀ ಲಾಭ, ಹೊರಗೆ ಹಿಮ ಬೀಳುತ್ತಿರುವಾಗಲೂ, ಸಾಲ ಕೊಟ್ಟವರ ಪಾಲು.

ಇದರ ಮೇಲೆ ಕರ್ಟೇಲ್‌ಮೆಂಟ್ ಅನ್ನುವ ಷರತ್ತು. ಬೋಟಿಗೆ ವಯಸ್ಸಾದಂತೆ ಅಸಲಿನ ಒಂದು ಭಾಗವನ್ನು ಮಾರಾಟಕ್ಕೆ ಮೊದಲೇ ಕಟ್ಟಬೇಕು. ಒಪ್ಪಂದದಿಂದ ಒಪ್ಪಂದಕ್ಕೆ ಇದು ಬೇರೆಯಾದರೂ, ವರ್ಷ ತುಂಬಿದ ಬೋಟಿಗೆ ಶೇ 10 ಕಟ್ಟಿ ಅಂದರೆ ಮೇಲಿನ ಉದಾಹರಣೆಯಲ್ಲಿ 15,000 ಡಾಲರ್ ನಗದು. ಮಾರಾಟವಾಗದ ಬೋಟಿಗೆ ಕೈಯಿಂದ ಹಣ ಹಾಕಬೇಕಾದ ಸ್ಥಿತಿ. ಆಗ ಕಾಡುವ ಆಸೆ ಒಂದೇ: ನಿನ್ನೆ ಮಾರಿದ ಇನ್ನೊಂದು ಬೋಟಿನ ಹಣ ಬ್ಯಾಂಕ್ ಖಾತೆಯಲ್ಲಿದೆ, ಅದರ ಅಸಲನ್ನು ಒಂದು ವಾರ ತಡೆದರಾಯಿತು. ಈ ದಂಧೆಯಲ್ಲಿ ಅದಕ್ಕೆ ಔಟ್ ಆಫ್ ಟ್ರಸ್ಟ್ ಅನ್ನುತ್ತಾರೆ, ಮತ್ತು ಅದು ಮುಚ್ಚಿಡಲಾಗದ ಗುಟ್ಟು. ಫೈನಾನ್ಸ್ ಕಂಪನಿಯ ತಪಾಸಣೆಯವರು ತಿಂಗಳಿಗೊಮ್ಮೆ ಹೇಳದೆ ಕೇಳದೆ ಬರುತ್ತಾರೆ. ಕೈಯಲ್ಲಿ ಪಟ್ಟಿ. ಪ್ರತಿ ಬೋಟಿನ ಹಿಂಬದಿಯ ಬಲ ಮೂಲೆಗೆ ಬಗ್ಗಿ, ಅಲ್ಲಿ ಕೊರೆದಿರುವ 12 ಅಕ್ಷರ-ಅಂಕೆಗಳ ಹಲ್ ನಂಬರ್ ಓದಿ ಟಿಕ್ ಹಾಕುತ್ತಾರೆ. ಇಲ್ಲದ ಬೋಟಿಗೆ ಕಾರಣ ಬೇಕು: ಡೆಮೊಗೆ ಹೋಗಿದ್ದರೆ ಎಲ್ಲಿ, ಮಾರಿದ್ದರೆ ಯಾವ ದಿನ, ಹಣ ಎಲ್ಲಿ? ಉತ್ತರ ತಡವರಿಸಿತೋ, ಸಾಲದ ಮಿತಿ ಆ ವಾರವೇ ಕುಗ್ಗುತ್ತದೆ. ವಾರದ ಮಟ್ಟಿಗೆ ಅಂದುಕೊಂಡ ಕೈಬದಲು ಇಡೀ ಅಂಗಡಿಯ ಬಾಗಿಲು ಮುಚ್ಚಿಸಿದ ಉದಾಹರಣೆಗಳು ಈ ವ್ಯಾಪಾರದಲ್ಲಿ ಕಡಿಮೆಯೇನಿಲ್ಲ.

ಮುಂಗಾರಿಗೆ ಮೊದಲು ಗೊಬ್ಬರ ತುಂಬಿಸಿಕೊಳ್ಳುವ ನಮ್ಮ ಕಡೆಯ ಅಂಗಡಿಯವರಿಗೆ ಈ ಸಂಕಟ ಅರ್ಧ ಅರ್ಥವಾಗುತ್ತದೆ. ಅರ್ಧ ಯಾಕೆಂದರೆ, ಉಳಿದ ಯೂರಿಯಾ ಮುಂದಿನ ಹಂಗಾಮಿಗೂ ಯೂರಿಯಾನೇ. ಉಳಿದ ಬೋಟು ಹಾಗಲ್ಲ. ಬೋಟು ಲೋಕದಲ್ಲಿ ಹೊಸ ಮಾಡೆಲ್ ವರ್ಷ ಶುರುವಾಗುವುದು ಜುಲೈ ಸುಮಾರಿಗೆ, ಅಂದರೆ ಸೀಸನ್ನಿನ ನಡುಮಧ್ಯದಲ್ಲಿ. ಹಲ್ ನಂಬರಿನ ಕೊನೆಯ ಎರಡು ಅಂಕೆ ಮಾಡೆಲ್ ವರ್ಷವನ್ನು ಹೇಳುತ್ತವೆ. ಅವನ್ನು ಯಾವ ಪಾಲಿಶ್ ಹಾಕಿಯೂ ಅಳಿಸಲಾಗದು. ಜೂನ್ 30ರಂದು ಹೊಸದಾಗಿದ್ದ ಬೋಟು ಒಂದು ಗಂಟೆಯೂ ಓಡದೆ ಹಳೆಯ ಮಾಡೆಲ್ ಆಗಿಬಿಡುತ್ತದೆ.

ಹಾಗಾದರೆ ಕಡಿಮೆ ತರಿಸಿದರಾಯಿತಲ್ಲ? ಅಷ್ಟು ಸುಲಭವಲ್ಲ. ಡೀಲರ್ ಒಪ್ಪಂದದಲ್ಲಿ ಒಂದು ಪ್ರದೇಶದ ಹಕ್ಕು ಸಿಗುತ್ತದೆ, ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಇಂತಿಷ್ಟು ಬೋಟು ಎತ್ತಬೇಕೆಂಬ ಗುರಿ. ಗುರಿ ಮುಟ್ಟಿದರೆ ವರ್ಷಾಂತ್ಯಕ್ಕೆ ರಿಬೇಟು, ಮುಟ್ಟದಿದ್ದರೆ ಪ್ರದೇಶವನ್ನು ಇನ್ನೊಬ್ಬರಿಗೆ ಕೊಡುವ ಮಾತು. ಕೊನೆಯ ನಾಲ್ಕು ಬೋಟನ್ನು ರಿಬೇಟಿನ ಆಸೆಗೆ ಎತ್ತಿ, ಆ ರಿಬೇಟಿಗಿಂತ ಹೆಚ್ಚು ಬಡ್ಡಿ ಕಟ್ಟುವುದು ಈ ವ್ಯಾಪಾರದ ಸಾಮಾನ್ಯ ಕಾಯಿಲೆ. ರಿಬೇಟು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿರುತ್ತದೆ, ಬಡ್ಡಿ ಹನ್ನೆರಡು ಬಿಲ್‌ಗಳಲ್ಲಿ ಚದುರಿರುತ್ತದೆ. ಕಣ್ಣಿಗೆ ಬೀಳುವುದು ಮೊದಲನೆಯದೇ.

2020ರ ನಂತರದ ನಾಲ್ಕು ವರ್ಷ ಇದನ್ನೆಲ್ಲ ಒಟ್ಟಿಗೆ ತೋರಿಸಿಬಿಟ್ಟವು. ಕೋವಿಡ್ ಕಾಲದಲ್ಲಿ ಪ್ರವಾಸ ನಿಂತು ಜನ ಕೆರೆಗೆ ಹೊರಳಿದರು. ಕಾರ್ಖಾನೆಗಳಿಗೆ ಬಿಡಿಭಾಗ ಸಿಗಲಿಲ್ಲ, ಶೋರೂಮುಗಳು ಖಾಲಿ, ಲಾರಿಯಿಂದ ಇಳಿಯುವ ಮೊದಲೇ ಬೋಟು ಮಾರಾಟ. ಸ್ಟಾಕೇ ಇಲ್ಲದಿದ್ದಾಗ ಬಡ್ಡಿ ಎಲ್ಲಿಯದು? ಅದನ್ನೇ ತಮ್ಮ ಜಾಣತನ ಅಂದುಕೊಂಡ ಡೀಲರ್‌ಗಳು ಹೊಸ ಊರುಗಳಲ್ಲಿ ಮಳಿಗೆ ತೆರೆದರು. 2022ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಶೂನ್ಯದ ಹತ್ತಿರವಿದ್ದ ದರವನ್ನು ಏರಿಸಲು ಶುರುಮಾಡಿ 2023ರ ಜುಲೈಗೆ ಶೇ 5.25–5.50ಕ್ಕೆ ಒಯ್ದಿತು. ಗಿರಾಕಿಯ ಸಾಲ ದುಬಾರಿ, ಡೀಲರ್‌ನ ಸಾಲವೂ ದುಬಾರಿ, ಅದೇ ಹೊತ್ತಿಗೆ ಕಾರ್ಖಾನೆಗಳ ಉತ್ಪಾದನೆ ಮತ್ತೆ ಹಳೆಯ ವೇಗಕ್ಕೆ. 2024ರಲ್ಲಿ ಹಲವು ರಾಜ್ಯಗಳಲ್ಲಿ ಮಳಿಗೆಗಳಿದ್ದ ಒಂದು ದೊಡ್ಡ ಡೀಲರ್ ಸಂಸ್ಥೆ, ತಯಾರಕರು ಬೇಡದಷ್ಟು ಬೋಟು ತುಂಬಿಸಿದರೆಂದು ದಾವೆ ಹೂಡಿ, ಆ ಬಳಿಕ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ತಯಾರಕರು ಆರೋಪ ತಳ್ಳಿಹಾಕಿದರು. ಯಾರ ತಪ್ಪು ಅನ್ನುವುದು ಏನೇ ಇರಲಿ, ಅಂಥ ಸ್ಥಿತಿಯಲ್ಲಿ ಸೀಸನ್ ನಡುವೆ ಅಗ್ಗದ ಬೋಟುಗಳು ಮಾರುಕಟ್ಟೆಗೆ ಬಂದು ಬಿದ್ದರೆ, ಸಾಲವನ್ನೇ ಹೆಚ್ಚು ಮಾಡದ ಪಕ್ಕದ ಊರಿನ ಡೀಲರ್‌ನ ಬೆಲೆಯೂ ಇಳಿಯುತ್ತದೆ.

ಇನ್ನೊಂದು ವಿಚಿತ್ರ: ಅಂಗಡಿಗೆ ಹೆಸರು ತರುವುದು ಸ್ಕೀ ಬೋಟ್, ಹೊಟ್ಟೆ ಹೊರೆಯುವುದು ವೇಕ್ ಬೋಟ್. ಅಲೆಯ ಮೇಲೆ ಹಗ್ಗ ಬಿಟ್ಟು ಸರ್ಫ್ ಮಾಡುವ ಈಚಿನ ಆಟಕ್ಕೆ ಬೇಕಾದ್ದು ಸ್ಕೀಯರ್ ದ್ವೇಷಿಸುವ ಅಲೆಯೇ. ಎಂಜಿನ್ ಹಿಂದಕ್ಕೆ ಹೋಗಿ ವಿ-ಡ್ರೈವ್ ಬಂತು, ಬೋಟನ್ನು ಭಾರ ಮಾಡಿ ಅಲೆ ಹಿಗ್ಗಿಸುವ ಬ್ಯಾಲಾಸ್ಟ್ ಟ್ಯಾಂಕುಗಳಿಗೆ ಟನ್‌ಗಟ್ಟಲೆ ನೀರು ತುಂಬುವ ಪಂಪುಗಳು ಬಂದವು, ಸೋಫಾ, ಸ್ಪೀಕರು, ಟವರು ಎಲ್ಲ ಬಂದವು. ಲಾಭವೂ ಅಲ್ಲೇ. ಸ್ಲಾಲಮ್ ಸ್ಕೀಯರ್‌ಗೆ ಅದೆಲ್ಲ ಬೇಡ. ಅವನು ಬೋಟಿನ ಬಗ್ಗೆ ಮಾರಾಟಗಾರನಿಗಿಂತ ಹೆಚ್ಚು ಬಲ್ಲ, ಗಂಟೆಗೆ 34 ಮೈಲಿ ವೇಗದಲ್ಲಿ ಅಲೆ ಹೇಗಿದೆ ಅಂತ ನೋಡದೆ ಚೆಕ್ ಬರೆಯುವವನಲ್ಲ, ಮತ್ತು ಹತ್ತು ವರ್ಷದ ಹಳೆಯ ಬೋಟೂ ಅವನಿಗೆ ಸಾಕು. ಜೊತೆಗೆ ಪ್ರೊಮೊ ಬೋಟುಗಳ ಕಾಟ. ಟೂರ್ನಮೆಂಟ್‌ಗಳಲ್ಲಿ ಎಳೆಯುವ ಷರತ್ತಿನ ಮೇಲೆ ಕೆಲವು ಸ್ಕೀಯರ್‌ಗಳಿಗೆ ರಿಯಾಯಿತಿಯಲ್ಲಿ ಬೋಟು ಹೋಗುತ್ತದೆ. ಸೀಸನ್ ಮುಗಿದ ಮೇಲೆ ಅವು ಬಳಸಿದ ಬೋಟಾಗಿ ಮಾರುಕಟ್ಟೆಗೆ ಬಂದು ಹೊಸದರ ಬೆಲೆಯನ್ನು ಕೆಳಕ್ಕೆ ಎಳೆಯುತ್ತವೆ. ಇಷ್ಟಾದರೂ ಒಂದೆರಡು ಸ್ಕೀ ಬೋಟನ್ನು ಅಂಗಡಿಯಲ್ಲಿ ಇಡಲೇಬೇಕು ಅನ್ನುವುದು ನಮ್ಮ ಅಭಿಪ್ರಾಯ. ಸ್ಕೀಯರ್ ಅಪ್ಪ ಅಮ್ಮನ ಮಕ್ಕಳೇ ನಾಳೆ ಸರ್ಫ್ ಬೋಟ್ ಕೇಳಿಕೊಂಡು ಬರುವವರು. ಆದರೆ ಮೂರನೆಯದನ್ನು ಆರ್ಡರ್ ಇಲ್ಲದೆ ತರಿಸಬಾರದು.

ವೇಕ್ ಬೋಟಿನ ಲಾಭಕ್ಕೂ ನೆರಳು ಬಿದ್ದಿದೆ. ದೊಡ್ಡ ಅಲೆ ದಡ ಕೊರೆಯುತ್ತದೆ, ತಳದ ಕೆಸರು ಕದಡುತ್ತದೆ ಎಂಬ ದೂರು ಹಲವು ಕೆರೆಗಳಲ್ಲಿ ಇದೆ. ವರ್ಮಾಂಟ್ ರಾಜ್ಯ 2024ರಿಂದ ಇಂಥ ಆಟಕ್ಕೆ ದಡದಿಂದ 500 ಅಡಿ ದೂರ, ಕನಿಷ್ಠ 20 ಅಡಿ ಆಳ ಇರಬೇಕೆಂದು ನಿಯಮ ಮಾಡಿತು. ಚಿಕ್ಕ ಕೆರೆಗಳು ಅಲ್ಲಿಗೆ ಲೆಕ್ಕದಿಂದ ಹೊರಗೆ. ಗಿರಾಕಿಯ ಮನೆ ಯಾವ ಕೆರೆಯ ದಡದಲ್ಲಿದೆ ಎಂದು ಕೇಳದೆ 24 ಅಡಿಯ ಬೋಟು ಮಾರಿದರೆ ಮುಂದಿನ ವರ್ಷ ಅದೇ ಬೋಟು ವಿನಿಮಯಕ್ಕೆ ಬಾಗಿಲಿಗೆ ಬರುತ್ತದೆ. ಬ್ಯಾಲಾಸ್ಟ್ ಟ್ಯಾಂಕಿನಲ್ಲಿ ಉಳಿದ ನೀರಿನ ಜೊತೆ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿಯ ಮರಿಗಳು ಕೆರೆಯಿಂದ ಕೆರೆಗೆ ಹೋಗುತ್ತವೆ. ಹಾಗಾಗಿ ಮಿನೆಸೊಟಾದಲ್ಲಿ ಬೋಟನ್ನು ರಸ್ತೆಯಲ್ಲಿ ಒಯ್ಯುವಾಗ ಡ್ರೈನ್ ಪ್ಲಗ್ (ತಳದ ನೀರು ಬಸಿಯುವ ತೂತಿನ ಬಿರಡೆ) ತೆಗೆದಿರಬೇಕೆಂಬುದು ಕಾನೂನು. ಡೆಮೊ ಬೋಟಿಗೂ ಇದೇ ನಿಯಮ. ಪ್ಲಗ್ ತೆಗೆಯುವ ಕಾನೂನು ಇರುವಲ್ಲಿ ಅದನ್ನು ವಾಪಸ್ ಹಾಕಲು ಮರೆಯುವವರಿಗೂ ಬರವಿಲ್ಲ. ರ‍್ಯಾಂಪಿನಲ್ಲಿ ಬೋಟಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪು ಒಂದೇ ಸಮ ಓಡುತ್ತಿದೆ ಅಂತ ಫೋನ್ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ವರ್ಷಪೂರ್ತಿ ಅಂಗಡಿಯನ್ನು ಎತ್ತಿ ಹಿಡಿಯುವುದು ಸರ್ವಿಸ್ ಶೆಡ್. ಮಾರಾಟ ನಿಂತ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಏಕೆಂದರೆ ಹೆಪ್ಪುಗಟ್ಟುವ ಮೊದಲು ಪ್ರತಿ ಎಂಜಿನ್ನಿನಿಂದಲೂ ನೀರು ಖಾಲಿಯಾಗಬೇಕು. ಈ ಎಂಜಿನ್‌ಗಳು ಕೆರೆಯ ನೀರನ್ನೇ ಎಳೆದು ತಂಪಾಗುತ್ತವೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಬ್ಲಾಕಿನ ಎರಕದ ಕಬ್ಬಿಣ ಅದನ್ನು ತಡೆಯಲಾರದೆ ಬಿರಿಯುತ್ತದೆ. ವಸಂತದಲ್ಲಿ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮುಗಿಯಿತು, ಹೊಸ ಎಂಜಿನ್ನೇ ಗತಿ. ಅದೂ ಡೀಲರ್ ಮಾಡಿದ ಕೆಲಸವಾಗಿದ್ದರೆ ಡೀಲರ್ ಖರ್ಚಿನಲ್ಲಿ.

ಕೆಲಸದ ಕ್ರಮ ಹೀಗೆ. ಟ್ಯಾಂಕಿಗೆ ಪೆಟ್ರೋಲು ಕೆಡದಂತೆ ಕಾಯುವ ಔಷಧಿ, ಫ್ಯುಯೆಲ್ ಸ್ಟೆಬಿಲೈಸರ್, ಹಾಕಿ, ನೀರಿನ ಪೈಪು ಜೋಡಿಸಿ, ಹತ್ತು ನಿಮಿಷ ಎಂಜಿನ್ ಓಡಿಸಬೇಕು. ಔಷಧಿ ಬೆರೆತ ಪೆಟ್ರೋಲು ಇಂಜೆಕ್ಟರ್‌ವರೆಗೆ ತಲುಪಲಿ ಅಂತ. ಬಿಸಿಯಿರುವಾಗಲೇ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲು. ಟ್ರಾನ್ಸ್‌ಮಿಷನ್ ಆಯಿಲ್ ಬಿಳಿಚಿದ್ದರೆ ಅದರ ಕೂಲರ್ ಒಳಗೆ ತೂತಾಗಿದೆ ಎಂದರ್ಥ. ಆಮೇಲೆ ಬ್ಲಾಕಿನ ಎರಡೂ ಬದಿಯ ಡ್ರೈನ್, ಎರಡೂ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಲಗ್, ನೀರಿನ ಪಂಪುಗಳ ಹೋಸ್, ಹೀಟರ್ ಮತ್ತು ಶವರ್ ಇದ್ದರೆ ಅವುಗಳ ಹೋಸ್. 5.7 ಲೀಟರಿನ ಹಳೆಯ ಜಿಎಂ ಬ್ಲಾಕುಗಳಲ್ಲಿ ಡ್ರೈನ್ ತೂತಿನಲ್ಲೇ ನಾಕ್ ಸೆನ್ಸರ್ ಕೂತಿರುತ್ತದೆ, ಪ್ಲಗ್ ಹುಡುಕುತ್ತಾ ಕೂತರೆ ಸಿಗುವುದಿಲ್ಲ, ಸೆನ್ಸರನ್ನೇ ಬಿಚ್ಚಬೇಕು. ನಿಜವಾದ ಅಪಾಯ ಬರುವುದು ಪ್ಲಗ್ ತೆಗೆದಾಗ ನೀರು ಬರದಿದ್ದಾಗ. ಹೊಸ ಹುಡುಗ ಅದನ್ನು ಖಾಲಿ ಅಂದುಕೊಳ್ಳುತ್ತಾನೆ. ಅನುಭವಿ ಒಂದು ತೆಳು ತಂತಿ ತೂರಿಸಿ ತಿರುವುತ್ತಾನೆ. ಒಳಗೆ ಕಟ್ಟಿಕೊಂಡ ತುಕ್ಕು, ಮರಳು ಕದಲಿ ಕಂದು ಬಣ್ಣದ ನೀರು ಭಸ್ಸನೆ ಹೊರಬರುತ್ತದೆ, ಕೆಲವೊಮ್ಮೆ ಲೀಟರುಗಟ್ಟಲೆ.

ಸಮಯ ಉಳಿಸಲು ಕೆಲವರು ನೀರು ಇಳಿಸದೆ ನೇರವಾಗಿ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ, ಆಂಟಿಫ್ರೀಜನ್ನು ಎಂಜಿನ್‌ಗೆ ಕುಡಿಸುತ್ತಾರೆ. ಹಿಂದಿನಿಂದ ಗುಲಾಬಿ ಬಂತು, ಕೆಲಸ ಆಯಿತು ಅಂತ ಸಮಾಧಾನ. ಎಂಜಿನ್ ತಣ್ಣಗಿದ್ದರೆ ಬ್ಲಾಕಿಗೆ ನೀರು ಬಿಡುವ ಕವಾಟ, ಥರ್ಮೋಸ್ಟಾಟ್, ಮುಚ್ಚಿರುತ್ತದೆ. ಆಂಟಿಫ್ರೀಜ್ ಬ್ಲಾಕಿನೊಳಗೆ ಹೋಗದೆ ಪಕ್ಕದ ದಾರಿ ಹಿಡಿದು ಎಕ್ಸಾಸ್ಟಿನಿಂದ ಹೊರಗೆ ಹೋಗುತ್ತದೆ. ಬ್ಲಾಕಿನಲ್ಲಿ ಕೆರೆಯ ನೀರು ಹಾಗೇ. ಮೊದಲು ಇಳಿಸಿ, ಆಮೇಲೆ ತುಂಬಿಸಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ವೇಕ್ ಬೋಟಾದರೆ ಪ್ರತಿ ಬ್ಯಾಲಾಸ್ಟ್ ಪಂಪನ್ನೂ ಒಂದೊಂದಾಗಿ ಓಡಿಸಿ ಖಾಲಿ ಮಾಡಿ, ಅವಕ್ಕೂ ಗುಲಾಬಿ ದ್ರವ ಹಾಯಿಸಬೇಕು. ಹೀಗೆ ಸ್ಕೀ ಬೋಟಿಗಿಂತ ಅದಕ್ಕೆ ಹಿಡಿಯುವ ಹೊತ್ತು ಬಹಳ ಹೆಚ್ಚು, ಆದರೆ ಎರಡಕ್ಕೂ ಒಂದೇ ದರ ಹಾಕುವ ಅಂಗಡಿಗಳು ಇನ್ನೂ ಇವೆ.

ಬೇಸಿಗೆಯ ದೂರುಗಳಲ್ಲಿ ಇಂಪೆಲ್ಲರ್‌ದೇ ದೊಡ್ಡ ಪಾಲು. ನೀರೆಳೆಯುವ ಪಂಪಿನೊಳಗಿನ ರಬ್ಬರ್ ಚಕ್ರ ಅದು, ವರ್ಷಕ್ಕೊಮ್ಮೆ ಬದಲಿಸಬೇಕು. ಟ್ರೇಲರ್ ಮೇಲಿರುವಾಗ ಶಬ್ದ ಕೇಳೋಣ ಅಂತ ನೀರಿಲ್ಲದೆ ಎಂಜಿನ್ ಓಡಿಸಿದರೆ ನಿಮಿಷದೊಳಗೆ ಅದರ ರೆಕ್ಕೆಗಳು ಸುಟ್ಟು ಹರಿಯುತ್ತವೆ. ಹೊಸದನ್ನು ಹಾಕಿ ಕಳಿಸಿಬಿಟ್ಟರೆ ಬೋಟು ವಾರದಲ್ಲಿ ಮತ್ತೆ ಬಿಸಿಯಾಗಿ ವಾಪಸ್. ಹರಿದ ಚೂರುಗಳು ಮುಂದೆ ನೀರು ಹೋಗುವ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತವೆ. ಹಳೆಯ ಚಕ್ರದಲ್ಲಿ ಎಷ್ಟು ರೆಕ್ಕೆ ಇಲ್ಲವೋ ಅಷ್ಟು ಚೂರುಗಳನ್ನು ಬೆಂಚಿನ ಮೇಲೆ ಜೋಡಿಸಿದ ಮೇಲೆಯೇ ಕೆಲಸ ಮುಗಿದಂತೆ. ನಡುಕದ ದೂರು ಬಂದರೆ ಶಾಫ್ಟಿನ ಅಲೈನ್‌ಮೆಂಟ್ ನೋಡಬೇಕು: ಎಂಜಿನ್ ಕಡೆಯ ಮತ್ತು ಶಾಫ್ಟ್ ಕಡೆಯ ಕಪ್ಲಿಂಗ್ ಮುಖಗಳ ನಡುವೆ ಮೇಲೆ, ಕೆಳಗೆ, ಎಡ, ಬಲ ಫೀಲರ್ ಗೇಜ್ ತೂರಿಸಿದಾಗ ವ್ಯತ್ಯಾಸ 0.003 ಇಂಚು ಮೀರಬಾರದು. ಮೀರಿದರೆ ಶಾಫ್ಟನ್ನು ಬೋಟಿನ ಕೆಳಗೆ ಹಿಡಿದಿಡುವ ಸ್ಟ್ರಟ್ ಒಳಗಿನ ಬುಷ್ ತಿಂದುಹೋಗುತ್ತದೆ, ಸೀಲ್ ಸೋರಲು ಶುರು.

ಇದನ್ನೆಲ್ಲ ಬಲ್ಲ ಕೈಗಳೇ ಈಗ ದುಬಾರಿ. ನೂರು ದಿನ ರಾತ್ರಿ ಹಗಲು ಕೆಲಸ ಕೊಟ್ಟು ಜನವರಿಯಲ್ಲಿ ಮನೆಗೆ ಕಳಿಸಿದರೆ ಒಳ್ಳೆಯ ಮೆಕ್ಯಾನಿಕ್ ಏಪ್ರಿಲ್‌ಗೆ ವಾಪಸ್ ಬರುವುದಿಲ್ಲ. ಟ್ರಕ್ ಗ್ಯಾರೇಜಿನವರು ವರ್ಷಪೂರ್ತಿ ಸಂಬಳ ಕೊಡುತ್ತಾರೆ. ಹಾಗಾಗಿ ಸೀಟು ಹೊಲಿಗೆ, ಬೋಟಿನ ಹೊರಮೈಯ ಹೊಳಪಿನ ಪದರ ಜೆಲ್‌ಕೋಟ್‌ನ ದುರಸ್ತಿ, ಶಾಫ್ಟ್ ಕೆಲಸ, ಸ್ಪೀಕರ್ ಜೋಡಣೆ ಇವನ್ನೆಲ್ಲ ಚಳಿಗಾಲಕ್ಕೆ ತಳ್ಳಿ, ಗಿರಾಕಿಗೆ ಸ್ವಲ್ಪ ರಿಯಾಯಿತಿ ಕೊಟ್ಟಾದರೂ ಶೆಡ್ ತುಂಬಿಸಿಡಬೇಕು. ವಾರಂಟಿ ಕೆಲಸ ಲಾಭದ್ದಲ್ಲ. ಕಾರ್ಖಾನೆಯ ಪಟ್ಟಿಯಲ್ಲಿ ಒಂದು ಗಂಟೆ ಎಂದಿರುವ ಕೆಲಸಕ್ಕೆ ಸೀಟು, ನೆಲದ ಹಲಗೆ ಬಿಚ್ಚಿ ಕೈ ತೂರಿಸುವಷ್ಟರಲ್ಲೇ ಆ ಗಂಟೆ ಮುಗಿದಿರುತ್ತದೆ. ಸೋತ ಭಾಗದ ಫೋಟೊ, ಎಂಜಿನ್ ಓಡಿದ ಗಂಟೆಗಳ ಲೆಕ್ಕ, ದೂರಿನ ದಿನಾಂಕ ಸರಿಯಾಗಿ ದಾಖಲಿಸದಿದ್ದರೆ ಆ ಒಂದು ಗಂಟೆಯ ದುಡ್ಡೂ ಬರುವುದಿಲ್ಲ.

ವಿನಿಮಯಕ್ಕೆ ಬರುವ ಹಳೆಯ ಬೋಟಿನಲ್ಲಿ ಲಾಭ ಹೊಸದಕ್ಕಿಂತ ಹೆಚ್ಚಿರಬಹುದು, ಮೋಸ ಹೋಗುವ ದಾರಿಯೂ ಹೆಚ್ಚು. 1990ರ ದಶಕದ ಆರಂಭಕ್ಕಿಂತ ಹಿಂದಿನ ಹಲವು ಬೋಟುಗಳ ಅಡಿಯಲ್ಲಿ ತಳವನ್ನು ಗಟ್ಟಿ ಹಿಡಿಯುವ ಮರದ ಉದ್ದ ತೊಲೆಗಳು, ಅಂದರೆ ಸ್ಟ್ರಿಂಗರ್‌ಗಳಿವೆ. ನೀರು ಕುಡಿದು ಕೊಳೆತಿದ್ದರೆ ಎಂಜಿನ್ ಮೌಂಟಿನ ಬೋಲ್ಟು ಬಿಗಿಯಾಗದೆ ಸುಮ್ಮನೆ ತಿರುಗುತ್ತಿರುತ್ತದೆ. ಸ್ಪ್ಯಾನರ್ ಹಾಕಿ ನೋಡಲು ಎರಡು ನಿಮಿಷ ಸಾಕು. ಬೋಟಿನ ಮೇಲೆ ಬ್ಯಾಂಕ್ ಸಾಲ ಬಾಕಿ ಇದೆಯೋ ಅನ್ನುವುದನ್ನು ಹಲ್ ನಂಬರ್ ಹಿಡಿದು ಮೊದಲೇ ವಿಚಾರಿಸಬೇಕು. ಬೆಲೆ ಕಟ್ಟುವ ಮುನ್ನ ನೀರಿಗಿಳಿಸಿ ಓಡಿಸಿ ನೋಡಬೇಕು. ಜನವರಿಯ ಬೋಟ್ ಶೋದಲ್ಲಿ ಅದು ಆಗದ ಮಾತು, ಕೆರೆ ಕಲ್ಲಾಗಿರುತ್ತದೆ. ಅಲ್ಲಿ ಮಾಡುವ ಪ್ರತಿ ವಿನಿಮಯದ ಕಾಗದದಲ್ಲೂ, ವಸಂತದ ನೀರಿನ ಪರೀಕ್ಷೆಯ ನಂತರ ಬೆಲೆ ಬದಲಾಗಬಹುದು ಎಂಬ ಒಂದು ಸಾಲು ಇರಲೇಬೇಕು. ಗಿರಾಕಿ ಆ ಸಾಲಿಗೆ ಸಹಿ ಹಾಕಲು ಹಿಂದೇಟು ಹಾಕಿದರೆ, ಸಿಲಿಂಡರಿನ ಒತ್ತಡ ಅಳೆಯುವ ಕಾಂಪ್ರೆಷನ್ ಗೇಜ್ ಹಾಕುವ ಮೊದಲೇ ಎಂಜಿನ್ನಿನ ಬಗ್ಗೆ ಅರ್ಧ ಗೊತ್ತಾದಂತೆ.